ಹಾರುವವನ ಕೆಳಗೆ ನಿಂತವರು

2006ರ ಜನವರಿ ಕೊನೆಯ ವಾರ. ಅಮೆರಿಕದ ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟಾರ್ಗೀ ಎಂಬ ಹಿಮಕ್ರೀಡೆಯ ತಾಣಕ್ಕೆ ಹೊಂದಿಕೊಂಡ ಬೆಟ್ಟದಲ್ಲಿ ಜೇಮೀ ಪಿಯರ್ ಎಂಬಾತ ಕಾಲಿಗೆ ಸ್ಕೀ ಕಟ್ಟಿಕೊಂಡು, 255 ಅಡಿ ಎತ್ತರದ ಬಂಡೆಯ ಅಂಚಿನಿಂದ ಕೆಳಕ್ಕೆ ಹಾರಿದ. ಇಪ್ಪತ್ತೈದು ಮಹಡಿಯ ಕಟ್ಟಡದ ತಾರಸಿಯಿಂದ ಹಾರಿದ ಹಾಗೆ. ಬೆನ್ನಿಗೆ ಪ್ಯಾರಾಚೂಟ್ ಇರಲಿಲ್ಲ. ಗಾಳಿಯಲ್ಲಿದ್ದದ್ದು ಸುಮಾರು ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡಿನಲ್ಲಿ ಮೈ ಮೆಲ್ಲಗೆ ಮಗುಚಿಕೊಂಡು, ತಲೆಕೆಳಗಾಗಿ ಹಿಮದೊಳಗೆ ಹೂತುಹೋದ. ಜೊತೆಗಿದ್ದವರು ಓಡಿಬಂದು ಗುದ್ದಲಿಯಲ್ಲಿ ಅಗೆದು ತೆಗೆದರು. ಅವನಿಗಾದ ಗಾಯವೆಂದರೆ ತುಟಿ ಸೀಳಿದ್ದು ಒಂದೇ. ಅದೂ ಬಿದ್ದದ್ದರಿಂದ ಆದದ್ದಲ್ಲ, ಅಗೆಯುವಾಗ ಗುದ್ದಲಿ ತಗುಲಿ ಆದದ್ದು.

ಈ ಹಾರಾಟ ಸ್ಕೀ ಲೋಕದಲ್ಲಿ ದಾಖಲೆಯಾಯಿತು. ಅದರ ವಿಡಿಯೋವನ್ನು ಲಕ್ಷಾಂತರ ಜನ ನೋಡಿದ್ದಾರೆ, ನಾನೂ ಎಷ್ಟೋ ಸಲ ನೋಡಿದ್ದೇನೆ. ಮೊದಮೊದಲು ನನ್ನ ಕಣ್ಣು ಹಾರುವವನ ಮೇಲೇ ಇರುತ್ತಿತ್ತು. ಈಚೆಗೆ ನಾನು ನೋಡುವುದು ಆ ಗುದ್ದಲಿ ಹಿಡಿದವರನ್ನು. ಹಿಮದಲ್ಲಿ ಹೂತವನಿಗೆ ಉಸಿರಾಡಲು ಇರುವುದು ಕೆಲವು ನಿಮಿಷ ಮಾತ್ರ. ಅವರು ಅಲ್ಲಿ ಇಲ್ಲದಿದ್ದರೆ 255 ಎಂಬ ಅಂಕಿ ದಾಖಲೆಯ ಪುಟಕ್ಕೆ ಹೋಗುತ್ತಿರಲಿಲ್ಲ, ಒಂದು ಸಾವಿನ ಸುದ್ದಿಯಲ್ಲಿ ಬರುತ್ತಿತ್ತು. ಬಂಡೆಯಿಂದ ಸ್ಕೀ ಮೇಲೆ ಹಾರುವ ಈ ಆಟದ ಚರಿತ್ರೆಯನ್ನು ಎಲ್ಲರೂ ಹಾರಿದವರ ಕಡೆಯಿಂದ ಹೇಳುತ್ತಾರೆ. ನನಗೆ ಅದನ್ನು ನಿಂತವರ ಕಡೆಯಿಂದ ಹೇಳಬೇಕೆನಿಸಿದೆ: ಕೆಳಗೆ ಗುದ್ದಲಿ ಹಿಡಿದು ನಿಂತವರು, ಎದುರಿಗೆ ಕ್ಯಾಮೆರಾ ಹಿಡಿದು ನಿಂತವರು, ಪಕ್ಕದಲ್ಲಿ ನಿಂತು ಬೇಡ ಎಂದವರು.

ಇಷ್ಟು ಹೇಳಲು ನನಗಿರುವ ಅರ್ಹತೆ ಕಡಿಮೆಯೇ. ನಾನು ಹೆಗ್ಗಡದೇವನಕೋಟೆಯ ಕಡೆಯವನು. ಮಾಗಿಯ ಬೆಳಗಿನಲ್ಲಿ ಕಬಿನಿಯ ಹಿನ್ನೀರಿನ ಮೇಲೆ ಕವಿಯುತ್ತದಲ್ಲ, ನಮಗೆ ಗೊತ್ತಿರುವ ಮಂಜು ಅದೊಂದೇ. ಅದರ ಮೇಲೆ ಕಾಲಿಡಲು ಬರುವುದಿಲ್ಲ. ಆದರೆ ಹಾರುವುದು ನಮಗೆ ಹೊಸದಲ್ಲ. ಬೇಸಿಗೆ ರಜೆಯಲ್ಲಿ ತೋಟದ ಬಾವಿಗೆ ಹಾರದೆ ದೊಡ್ಡವರಾದ ಹುಡುಗರು ನಮ್ಮ ಕಾಲಕ್ಕೆ ಕಡಿಮೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಕಲ್ಲುಕಟ್ಟೆಯ ಮೇಲೆ ನಿಲ್ಲಿಸುತ್ತಿದ್ದರು. ಮೊದಲೇ ನೀರಿಗಿಳಿದ ಸೋದರಮಾವ ಕೈಯಾಡಿಸುತ್ತ "ಬಾರ್ಲಾ, ನಾನಿವ್ನಿ" ಎನ್ನುತ್ತಿದ್ದರು. ಮಾವ ಕೆಳಗಿಲ್ಲದ ದಿನ ಹಾರುವ ಹಾಗಿರಲಿಲ್ಲ. ಅದು ಮನೆಯ ಕಟ್ಟಪ್ಪಣೆ.

ಕನ್ನಡದಲ್ಲಿ ಇನ್ನೊಂದು ಅನುಕೂಲವಿದೆ. ನಮ್ಮ 'ಹಾರು' ಎಂಬ ಕ್ರಿಯಾಪದ ಎರಡು ಕೆಲಸ ಮಾಡುತ್ತದೆ. ಹಕ್ಕಿಯೂ ಹಾರುತ್ತದೆ, ಬಾವಿಗೆ ಹುಡುಗನೂ ಹಾರುತ್ತಾನೆ. ಒಂದರಲ್ಲಿ ಗಾಳಿ ಮೈಯನ್ನು ಎತ್ತಿ ಹಿಡಿಯುತ್ತದೆ, ಇನ್ನೊಂದರಲ್ಲಿ ನೆಲ ಎಳೆದುಕೊಳ್ಳುತ್ತದೆ. ಸ್ಕೀ ಕಟ್ಟಿಕೊಂಡು ಹಾರಿದವರ ಇನ್ನೂರು ವರ್ಷದ ಕಥೆ ಈ ಎರಡು ಅರ್ಥಗಳ ನಡುವೆಯೇ ಓಡಾಡುತ್ತದೆ.

ಆ ಕಥೆ ಶುರುವಾಗುವುದು ಒಬ್ಬ ಸಿಪಾಯಿಯಿಂದ. 1808ರಲ್ಲಿ ಡೆನ್ಮಾರ್ಕ್-ನಾರ್ವೆ ಸೈನ್ಯದ ಅಧಿಕಾರಿ ಓಲಾಫ್ ರೂಯ ಎಂಬಾತ ನಾರ್ವೆಯ ಐಡ್ಸ್‌ಬರ್ಗ್ ಚರ್ಚಿನ ಬಳಿ ತನ್ನ ಸೈನಿಕರೆದುರು ಸ್ಕೀ ಮೇಲೆ ಒಂಬತ್ತೂವರೆ ಮೀಟರ್ ಹಾರಿ ತೋರಿಸಿದ. ದಾಖಲೆಗೆ ಸಿಕ್ಕ ಮೊದಲ ಸ್ಕೀ ಹಾರಾಟ ಇದು ಎನ್ನುತ್ತಾರೆ. ಅದಕ್ಕೂ ಮೊದಲು ಯಾರೂ ಹಾರಿರಲಾರರೆ? ಸಾವಿರಾರು ವರ್ಷಗಳಿಂದ ಸ್ಕೀ ಕಟ್ಟಿಕೊಂಡು ಬೇಟೆಗೆ, ಸಂತೆಗೆ, ನೆಂಟರ ಮನೆಗೆ ಹೋಗುತ್ತಿದ್ದ ನಾಡು ಅದು. ದಾರಿಯಲ್ಲಿ ದಿಣ್ಣೆ ಸಿಕ್ಕಾಗ ಎಷ್ಟು ಜನ ಎಗರಿದ್ದಾರೋ. ರೂಯನ ಹೆಸರು ಉಳಿದದ್ದು ಅವನ ಮುಂದೆ ಸಾಲಾಗಿ ನಿಂತು ನೋಡಿದವರು ಇದ್ದದ್ದರಿಂದ.

ಮುಂದೆ ಮೋರ್ಗೆಡಾಲ್ ಎಂಬ ಹಳ್ಳಿಯ ಬಡ ಗೇಣಿದಾರ ಸೋಂಡ್ರೆ ನೂರ್‌ಹೈಮ್ ಬಂದ. ಹುಟ್ಟಿದ್ದು 1825ರಲ್ಲಿ. ಅಲ್ಲಿಯವರೆಗೆ ಸ್ಕೀಗೆ ಕಾಲಿನ ಮುಂಭಾಗವನ್ನಷ್ಟೇ ಕಟ್ಟುತ್ತಿದ್ದರು, ಹಿಮ್ಮಡಿ ಸಡಿಲವಾಗಿರುತ್ತಿತ್ತು. ಎಗರಿದರೆ ಹಲಗೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ನೂರ್‌ಹೈಮ್ ಎಳೆಯ ಕೊಂಬೆಗಳನ್ನು ಹೊಸೆದು ಹಿಮ್ಮಡಿಯ ಹಿಂದಿನಿಂದ ಸುತ್ತಿ ಬಿಗಿದ. ಬುಟ್ಟಿ ಹೆಣೆಯುವವರ ಬುದ್ಧಿ ಅದು. ಹಲಗೆ ಕಾಲಿಗೆ ಅಂಟಿಕೊಂಡಿತು, ತಿರುಗಿದ ಕಡೆ ತಿರುಗಿತು, ಹಾರಿದರೆ ಜೊತೆಗೇ ಹಾರಿತು. ಇಂದಿನ ಸ್ಕೀಯಿಂಗಿನ ಪಿತಾಮಹ ಎಂದು ಅವನನ್ನು ಕರೆಯುತ್ತಾರೆ. ಆತ ಮಾತ್ರ 1884ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಬೆಟ್ಟವೇ ಇಲ್ಲದ ನಾರ್ತ್ ಡಕೋಟಾದ ಬಯಲಿನಲ್ಲಿ 1897ರಲ್ಲಿ ತೀರಿಕೊಂಡ.

ನಾರ್ವೆಯವರು ಹಾರುವುದನ್ನು ಬಹುಬೇಗ ಕಟ್ಟುಪಾಡಿಗೆ ತಂದರು. ಹಾರುವ ಜಾಗವನ್ನೂ ಇಳಿಯುವ ಜಾಗವನ್ನೂ ತಾವೇ ಕಟ್ಟಿದರು. ಈ ಇಳಿಜಾರಿನ ಲೆಕ್ಕ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಬೀಳುವ ಮೈಗೆ ಪೆಟ್ಟಾಗುವುದು ಬಿದ್ದ ಎತ್ತರದಿಂದ ಅಷ್ಟಲ್ಲ, ನಿಂತ ರೀತಿಯಿಂದ. ಬೀಳುವವನ ದಾರಿಗೂ ನೆಲಕ್ಕೂ ನಡುವಿನ ಕೋನ ಕಡಿಮೆಯಿದ್ದರೆ ವೇಗವೆಲ್ಲ ಜಾರುವುದರಲ್ಲಿ ಕಳೆದುಹೋಗುತ್ತದೆ. ಅದಕ್ಕೇ ಸ್ಕೀ ಜಂಪಿಂಗಿನ ಬೆಟ್ಟವನ್ನು ಹಾರುವವನ ದಾರಿಗೆ ಹೆಚ್ಚುಕಡಿಮೆ ಸಮನಾಗಿ ಇಳಿಜಾರು ಮಾಡಿರುತ್ತಾರೆ. ಸೆಪ್ ಬ್ರಾಡ್ಲ್ ಎಂಬ ಆಸ್ಟ್ರಿಯಾದ ಹುಡುಗ 1936ರಲ್ಲಿ ಪ್ಲಾನಿತ್ಸಾದಲ್ಲಿ ಮೊದಲ ಬಾರಿಗೆ ನೂರು ಮೀಟರ್ ದಾಟಿದ. 2017ರಲ್ಲಿ ಸ್ಟೆಫಾನ್ ಕ್ರಾಫ್ಟ್ 253.5 ಮೀಟರ್ ಹೋಗಿ ಕಾಲ ಮೇಲೇ ಇಳಿದ. ಹೆಚ್ಚುಕಡಿಮೆ ಜೋಗದ ರಾಜ ಧುಮುಕುವಷ್ಟು! ಆದರೆ ಅವನು ನೆಲದಿಂದ ಬಹಳ ಮೇಲೆ ಹೋದದ್ದೇ ಇಲ್ಲ. ಇಳಿಜಾರಿನ ಮೇಲೆ ತೇಲುತ್ತ ಹೋದ, ಅಷ್ಟೆ. ಇದು ಹಕ್ಕಿಯ ಹಾರುವಿಕೆಗೆ ಹತ್ತಿರ.

ಬಂಡೆಯ ಅಂಚಿನಲ್ಲಿ ಈ ಸೌಕರ್ಯವಿಲ್ಲ. ಬೆಟ್ಟ ನಮಗಾಗಿ ಇಳಿಜಾರು ಕಟ್ಟಿಟ್ಟಿರುವುದಿಲ್ಲ. ಅಲ್ಲಿ ಹಾರುವವನನ್ನು ಕಾಪಾಡುವುದು ಹಿಮದ ಆಳ. ಪಿಯರನದೇ ಲೆಕ್ಕ ನೋಡಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 255 ಅಡಿ ಬಿದ್ದವನ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್. ಹೊಸ ಪುಡಿಹಿಮದೊಳಗೆ ಹತ್ತು ಅಡಿ ಹೂತು ನಿಂತರೆ ಮೈ ಮೇಲೆ ಬೀಳುವ ಬಲ ಅವನ ತೂಕದ ಇಪ್ಪತ್ತಾರು ಪಟ್ಟಿನಷ್ಟು. ಕಣ್ಣು ಮಿಟುಕಿಸುವಷ್ಟು ಹೊತ್ತು ಮನುಷ್ಯನ ಮೈ ಅದನ್ನು ತಾಳಬಲ್ಲದು. ಅದೇ ಹಿಮ ಬಿಸಿಲಿಗೆ ಕರಗಿ ರಾತ್ರಿ ಗಟ್ಟಿಯಾಗಿ ಅರ್ಧ ಅಡಿಯಲ್ಲೇ ನಿಲ್ಲಿಸಿದರೆ ಬಲ ಐನೂರು ಪಟ್ಟು ದಾಟುತ್ತದೆ. ಅದನ್ನು ಯಾವ ಮೈಯೂ ತಾಳದು. ಬಂಡೆ ಅದೇ, ಎತ್ತರ ಅದೇ, ಎರಡು ದಿನದ ಹವಾಮಾನದ ವ್ಯತ್ಯಾಸ. ಹಾಗಾಗಿ ಬುದ್ಧಿಯಿರುವ ಹಾರುಗಾರ ಮೊದಲು ಬಂಡೆಯ ಬುಡಕ್ಕೆ ಹೋಗುತ್ತಾನೆ. ಉದ್ದನೆಯ ಕೋಲು ಇಳಿಸಿ ಆಳ ನೋಡುತ್ತಾನೆ, ಹಿಮದಡಿ ಕಲ್ಲು ಅಡಗಿದೆಯೇ ತಡವುತ್ತಾನೆ. ಆಮೇಲೆ ಮೇಲೆ ಹತ್ತುತ್ತಾನೆ.

ಸ್ಕೀ ತಾಣಗಳಲ್ಲಿ ಬಂಡೆ ಹಾರುವುದಕ್ಕೆ ಹೆಸರಾದ ಜಾಗಗಳಿವೆ. ಗ್ರ್ಯಾಂಡ್ ಟಾರ್ಗೀ ಇರುವ ಟೀಟನ್ ಪರ್ವತಸಾಲಿನ ಇನ್ನೊಂದು ಮಗ್ಗುಲಲ್ಲಿ ಜ್ಯಾಕ್ಸನ್ ಹೋಲ್ ಎಂಬ ತಾಣವಿದೆ. ಅಲ್ಲಿ ಎರಡು ಕಲ್ಲುಗೋಡೆಗಳ ನಡುವೆ ಕಡಿದಾದ ಒಂದು ಓಣಿ. ಅದರ ಬಾಯಿಗೆ ಹಿಮ ಸೂರಿನ ಹಾಗೆ ಚಾಚಿಕೊಂಡಿರುತ್ತದೆ. ಒಳಗೆ ಹೋಗಬೇಕಾದರೆ ಆ ಸೂರಿನಿಂದ ಹತ್ತು, ಇಪ್ಪತ್ತು ಅಡಿ ಕೆಳಕ್ಕೆ ಹಾರಲೇಬೇಕು, ಇಳಿದ ಕೂಡಲೆ ತಿರುಗಲೇಬೇಕು. ತಿರುಗದಿದ್ದರೆ ಎದುರಿಗೆ ಕಲ್ಲು. ಇದರ ಹೆಸರು ಕಾರ್ಬೆಟ್ಸ್ ಕೂಲ್ವಾರ್. ನಮ್ಮ ಕಾಡಿನ ಕಡೆಯವರಿಗೆ ಕಾರ್ಬೆಟ್ ಎಂದೊಡನೆ ಹುಲಿ ನೆನಪಾಗುತ್ತದೆ. ಇವನು ಬೇರೆ, ಬ್ಯಾರಿ ಕಾರ್ಬೆಟ್. ಪರ್ವತಾರೋಹಿ. 1963ರಲ್ಲಿ ಅಮೆರಿಕದ ತಂಡ ಎವರೆಸ್ಟಿಗೆ ಹೋದಾಗ ಪಶ್ಚಿಮದ ಏಣಿನಲ್ಲಿ ದುಡಿದವರಲ್ಲಿ ಒಬ್ಬ.

1960ರಲ್ಲಿ, ಅಲ್ಲಿ ಸ್ಕೀ ತಾಣವೇ ಇಲ್ಲದಿದ್ದಾಗ, ಈತ ಆ ಓಣಿಯನ್ನು ಕೆಳಗಿನಿಂದ ನೋಡಿ ಒಂದು ದಿನ ಯಾರಾದರೂ ಇದರಲ್ಲಿ ಸ್ಕೀ ಮಾಡಿಯೇ ಮಾಡುತ್ತಾರೆ ಎಂದನಂತೆ. ಹಾಗೆ ಅದಕ್ಕೆ ಅವನ ಹೆಸರು ಬಿತ್ತು. ಅದರಲ್ಲಿ ಮೊದಲು ಇಳಿದವನು ಅವನಲ್ಲ. 1967ರಲ್ಲಿ ತಾಣದ ಕಾವಲು ಪಡೆಯ ಲಾನಿ ಬಾಲ್ ಅಂಚಿನಲ್ಲಿ ನಿಂತು ಒಳಗೆ ಇಣುಕುತ್ತಿದ್ದಾಗ ಹಿಮದ ಸೂರು ಮುರಿಯಿತು. ಬಿದ್ದವನಿಗೆ ಮೇಲೆ ಬರುವ ದಾರಿಯಿಲ್ಲ, ಕೆಳಗಿಳಿಯುವುದೊಂದೇ ಉಳಿದದ್ದು. ಇಳಿದ. ಜಗತ್ತಿನ ಅತಿ ಹೆಸರಾದ ಸ್ಕೀ ಹಾರಾಟದ ಜಾಗದಲ್ಲಿ ಮೊದಲನೆಯವನು ಹಾರಿದ್ದೇ ಅಲ್ಲ, ಬಿದ್ದದ್ದು. ಇದನ್ನು ಓದಿ ನನಗೆ ಬಹಳ ಖುಷಿಯಾಯಿತು. ಚರಿತ್ರೆ ಬರೆಯುವವರು ಎಷ್ಟೋ ಬೀಳುವಿಕೆಗಳಿಗೆ ಹಾರುವಿಕೆಯ ಹೆಸರು ಕೊಟ್ಟಿರಬಹುದು.

ಕಾರ್ಬೆಟನ ಮುಂದಿನ ಕಥೆ ಖುಷಿಯದಲ್ಲ. 1968ರಲ್ಲಿ ಕೊಲರಾಡೋದಲ್ಲಿ ಸ್ಕೀ ಚಿತ್ರವೊಂದರ ಚಿತ್ರೀಕರಣದಲ್ಲಿದ್ದಾಗ ಅವನಿದ್ದ ಹೆಲಿಕಾಪ್ಟರ್ ಬಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗಿನ್ನೂ ಮೂವತ್ತರ ಆಸುಪಾಸು. ಬೆಟ್ಟ ಬಿಟ್ಟವನು ಹೊಸ ಕೆಲಸಕ್ಕೆ ಕೈಹಾಕಿದ. ತನ್ನ ಹಾಗೆ ಬೆನ್ನುಹುರಿಗೆ ಪೆಟ್ಟಾದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, ಅವರು ಹೇಗೆ ಬದುಕು ಕಟ್ಟಿಕೊಂಡರೆಂದು ಪುಸ್ತಕ ಮಾಡಿದ. ಗಾಲಿಕುರ್ಚಿಯಲ್ಲಿ ಬದುಕುವವರಿಗಾಗಿ ಇದ್ದ 'ನ್ಯೂ ಮೊಬಿಲಿಟಿ' ಎಂಬ ಪತ್ರಿಕೆಗೆ ವರ್ಷಗಟ್ಟಲೆ ಸಂಪಾದಕನಾಗಿದ್ದ. 2004ರಲ್ಲಿ ತೀರಿಕೊಂಡ. ಪ್ರತಿ ಚಳಿಗಾಲ ಆ ಓಣಿಯ ಅಂಚಿನಲ್ಲಿ ಸಾಲು ನಿಲ್ಲುವ ಹುಡುಗ ಹುಡುಗಿಯರು ಇಟ್ಟುಕೊಂಡಿರುವ ಹೆಸರು ಇಂಥವನದು.

ಕ್ಯಾಮೆರಾ ಬಂದಮೇಲೆ ಆಟ ಬದಲಾಯಿತು. 1972ರಲ್ಲಿ ರಿಕ್ ಸಿಲ್ವೆಸ್ಟರ್ ಯೊಸೆಮಿಟಿಯ ಎಲ್ ಕ್ಯಾಪಿಟನ್ ಎಂಬ ಮಹಾಬಂಡೆಯ ನೆತ್ತಿಯಿಂದ ಸ್ಕೀ ಮೇಲೆ ಜಾರಿ, ಪ್ಯಾರಾಚೂಟ್ ಬಿಡಿಸಿ ಇಳಿದ. ನಾಲ್ಕು ವರ್ಷದ ನಂತರ ಜೇಮ್ಸ್ ಬಾಂಡ್ ಚಿತ್ರಕ್ಕಾಗಿ ಕೆನಡಾದ ಉತ್ತರ ತುದಿಯ ಆಸ್‌ಗಾರ್ಡ್ ಶಿಖರದಿಂದ ಅದನ್ನೇ ಮಾಡಿದ. 1977ರ 'ದ ಸ್ಪೈ ಹೂ ಲವ್ಡ್ ಮಿ' ನೋಡಿದವರಿಗೆ ಬ್ರಿಟಿಷ್ ಬಾವುಟದ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಆ ಕ್ಷಣ ನೆನಪಿರುತ್ತದೆ. ಬಾಂಡ್ ಪಾತ್ರದ ರೋಜರ್ ಮೂರ್ ಹಾರಲಿಲ್ಲ, ಹಾರಿದವನು ಸಿಲ್ವೆಸ್ಟರ್.

ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ವಾ ವ್ಯಾಲಿ ಎಂಬ ತಾಣ ಬಂಡೆ ಹಾರುವವರ ತವರಾಯಿತು. ಆ ಹೆಸರಿನ ಮೊದಲ ಪದ ಅಲ್ಲಿನ ಮೂಲನಿವಾಸಿ ಹೆಂಗಸರನ್ನು ಹೀಯಾಳಿಸುವ ಬೈಗುಳ. 2021ರಲ್ಲಿ ಅದನ್ನು ಕೈಬಿಟ್ಟು 'ಪ್ಯಾಲಿಸೇಡ್ಸ್ ಟಾಹೋ' ಎಂದು ಮಾಡಿದರು. ಪ್ಯಾಲಿಸೇಡ್ಸ್ ಎಂದರೆ ಅಲ್ಲಿ ಜನ ಹಾರುವ ಆ ಬಂಡೆಸಾಲು. ಮೊಂಟಾನಾದಿಂದ ಬಂದ ಸ್ಕಾಟ್ ಶ್ಮಿಟ್ ಆ ಬಂಡೆಗಳಿಂದ ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯುತ್ತಿದ್ದದ್ದನ್ನು ವಾರೆನ್ ಮಿಲ್ಲರನ ಚಿತ್ರಗಳು ಊರೂರಿಗೆ ತೋರಿಸಿದವು. 1988ರಲ್ಲಿ ಗ್ರೆಗ್ ಸ್ಟಂಪ್ 'ಬ್ಲಿಝರ್ಡ್ ಆಫ್ ಆಹ್ಸ್' ಎಂಬ ಚಿತ್ರ ಮಾಡಿದ. ಅದರಲ್ಲಿ ಶ್ಮಿಟ್ ಜೊತೆಗೆ ತಲೆಗೂದಲನ್ನು ಕೋಳಿಜುಟ್ಟಿನಂತೆ ನಿಲ್ಲಿಸಿದ ಗ್ಲೆನ್ ಪ್ಲೇಕ್ ಇದ್ದ. ಒಂದು ತಲೆಮಾರಿನ ಹುಡುಗರು ಆ ಟೇಪನ್ನು ಸವೆಯುವವರೆಗೆ ನೋಡಿದರು. ನೋಡಿದವರು ಬಂಡೆಯ ಅಂಚಿಗೆ ಹೋದರು.

ಶ್ಮಿಟ್ ಕಾಲದಲ್ಲಿ ಹೇಗೆ ಇಳಿದ ಎಂಬುದು ಮಾತಾಗಿತ್ತು. ಬರಬರುತ್ತ ಎಷ್ಟು ಅಡಿ ಎಂಬುದೇ ಮಾತಾಯಿತು. ಅಂಕಿಗೆ ಒಂದು ಗುಣವಿದೆ. ಅದು ಹಿಮವನ್ನು ಕಾಣದವರಿಗೂ ಅರ್ಥವಾಗುತ್ತದೆ, ಮುಂದಿನವನಿಗೆ ಒಂದು ಸವಾಲನ್ನೂ ಬಿಟ್ಟುಹೋಗುತ್ತದೆ. 1993ರಲ್ಲಿ ಪಾಲ್ ರಫ್ ಎಂಬ ಸ್ಕೀಪಟು ಕ್ಯಾಲಿಫೋರ್ನಿಯಾದ ಕರ್ಕ್‌ವುಡ್ಡಿನಲ್ಲಿ 160 ಅಡಿಯ ಬಂಡೆಯಿಂದ ದಾಖಲೆಗೆಂದೇ ಹಾರಿ ಸತ್ತ. ಹದಿಮೂರು ವರ್ಷದ ಮೇಲೆ ಪಿಯರ್ 255 ಮುಟ್ಟಿದ. ಆದರೆ ಅವನು ತಲೆಕೆಳಗಾಗಿ ಇಳಿದದ್ದನ್ನು ನೋಡಿ ಇದನ್ನು ಸ್ಕೀಯಿಂಗ್ ಎನ್ನಬಹುದೇ ಎಂದು ಅವನ ಓರಗೆಯವರೇ ಕೇಳಿದರು. ನನಗೂ ಆ ಪ್ರಶ್ನೆ ಸರಿಯೆನಿಸುತ್ತದೆ. ಕಾಲಿನಲ್ಲಿದ್ದ ಸ್ಕೀಗೆ ಆ ನಾಲ್ಕು ಸೆಕೆಂಡಿನಲ್ಲಿ ಯಾವ ಕೆಲಸವೂ ಇರಲಿಲ್ಲ.

2008ರಲ್ಲಿ ಆ ಅಂಕಿಯನ್ನೂ ದಾಟಿದ್ದಾಯಿತು, ಯಾರೂ ಬಯಸದ ರೀತಿಯಲ್ಲಿ. ನಾರ್ವೆಯ ಫ್ರೆಡ್ ಸಿವರ್ಸೆನ್ ಚಿತ್ರೀಕರಣಕ್ಕಾಗಿ ಕಡಿದಾದ ಇಳಿಜಾರಿನಲ್ಲಿ ರಭಸದಿಂದ ಬರುತ್ತಿದ್ದ. ಎಡಬಲದ ಲೆಕ್ಕ ತಪ್ಪಿತು. ಎದುರಿಗೆ ನೆಲವೇ ಇಲ್ಲವೆಂದು ಗೊತ್ತಾಗುವ ಹೊತ್ತಿಗೆ ನಿಲ್ಲಲು ಜಾಗವಿರಲಿಲ್ಲ. ಅಡ್ಡಬಿದ್ದು ನಿಲ್ಲಲು ನೋಡಿದರೆ ಬಂಡೆಗೆ ಉಜ್ಜಿಕೊಂಡು ಹೋಗುವುದು ಖಚಿತ. ಹಾಗಾಗಿ ನೇರ ಬಿಟ್ಟ. 107 ಮೀಟರ್ ಕೆಳಗೆ ಮಗ್ಗುಲಾಗಿ ಹಿಮದಲ್ಲಿ ಹೂತ. ಯಕೃತ್ತಿಗೆ ಪೆಟ್ಟಾಯಿತು, ಮೂಳೆ ಮುರಿಯಲಿಲ್ಲ. ಅವನನ್ನೂ ಜೊತೆಯವರು ಹುಡುಕಿ ತೆಗೆದರು. ಸ್ಕೀ ಮೇಲೆ ಬಂಡೆ ಹಾರಿದವರ ಪಟ್ಟಿಯ ತುದಿಯಲ್ಲಿರುವುದು ಹೀಗೆ ದಾರಿ ತಪ್ಪಿದವನೊಬ್ಬನ ಹೆಸರು.

ಇಲ್ಲಿ ನಮ್ಮ ಸೀಮೆಯ ಒಂದು ಕಲ್ಲನ್ನು ನೆನೆಯಬೇಕು. ಹೆಗ್ಗಡದೇವನಕೋಟೆಯ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟದಲ್ಲಿ ಅದು ಸೇರಿದೆ. ಕನ್ನಡ ಎಂ.ಎ. ಓದುವವರಿಗೆ ದೇಕಬ್ಬೆಯ ಶಾಸನವೆಂದರೆ ಗೊತ್ತಾಗುತ್ತದೆ. ನುಗುನಾಡಿನ ಪ್ರಭುವಿನ ಮಗಳು ದೇಕಬ್ಬೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ಅರಸುಮನೆತನದ ಸಂಬಂಧಿಯೊಬ್ಬನನ್ನು ಕೊಂದ. ಆಳುತ್ತಿದ್ದವರು ಚೋಳರು. ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹಾರಿದಳು.

ಆಟಕ್ಕೆ ಹಾರುವುದನ್ನೂ ಸಾಯಲೆಂದು ಹಾರುವುದನ್ನೂ ಒಂದೇ ತಕ್ಕಡಿಯಲ್ಲಿಡಲು ನಾನು ಹೊರಟಿಲ್ಲ. ಪಿಯರ್ ಹಾರಿದ್ದು ಬದುಕುತ್ತೇನೆಂಬ ಲೆಕ್ಕದ ಮೇಲೆ. ದೇಕಬ್ಬೆಯ ಮುಂದೆ ಆ ಲೆಕ್ಕವೇ ಇರಲಿಲ್ಲ. ಗಂಡ ಸತ್ತಮೇಲೆ ಹೆಂಗಸು ಹೇಗೆ ಬದುಕಬೇಕೆಂದು ಅವಳ ಕಾಲ ಮೊದಲೇ ಬರೆದಿಟ್ಟಿತ್ತು. ಅವಳ ಸಾವನ್ನು ಹೊಗಳಿ ಬರೆದ ಆ ಪದ್ಯಗಳನ್ನು ಓದುವಾಗ ಕಾವ್ಯದ ಸೊಗಸಿಗೆ ಮನಸೋಲುವುದಕ್ಕೂ ನನಗೆ ಸಂಕೋಚವಾಗುತ್ತದೆ. ನಾನು ಹೇಳಹೊರಟಿದ್ದು ಬೇರೆ. ಆ ಕವಿ ಒಂದು ಸಂಗತಿಯನ್ನು ಬಿಡದೆ ಬರೆದಿದ್ದಾನೆ. ಅವಳ ತಂದೆತಾಯಿ, ಬಂಧುಬಳಗ ಬೇಡವೆಂದು ತಡೆದರು, ಅವಳು ಕೇಳಲಿಲ್ಲ ಎಂಬುದು ಆ ಕಲ್ಲಿನಲ್ಲಿದೆ. ಹೊಗಳಿಕೆಯ ಶಾಸನದಲ್ಲೇ ತಡೆದವರಿಗೂ ಜಾಗ ಸಿಕ್ಕಿದೆ. ಸಾವಿರ ವರ್ಷದ ಮೇಲೆ ಓದುವ ನನಗೆ ಅಲ್ಲಿ ನಿಂತಿದ್ದ ಅಪ್ಪ ಕಾಣುತ್ತಾನೆ.

ಸ್ಕೀ ಚಿತ್ರಗಳಲ್ಲಿ ಈ ಅಪ್ಪಂದಿರು ಇಲ್ಲ. ಹೋ ಎಂದು ಕೂಗುವ ಗೆಳೆಯರಿದ್ದಾರೆ, ಸಂಗೀತವಿದೆ. ಬೇಡ ಎಂದವನ ದನಿಯನ್ನು ಸಂಕಲನದ ಮೇಜಿನ ಮೇಲೆ ಕತ್ತರಿಸಿ ಹಾಕಿರುತ್ತಾರೆ. ಅದೇ ಪ್ಯಾಲಿಸೇಡ್ಸ್ ಬಂಡೆಗಳ ಬಗ್ಗೆ ರಾಬ್ ಗ್ಯಾಫ್ನಿ ಎಂಬಾತ 2003ರಲ್ಲಿ ಒಂದು ಕೈಪಿಡಿ ಬರೆದಿದ್ದ. ಯಾವ ಬಂಡೆಗೆ ಎಲ್ಲಿಂದ ಹೋಗಬೇಕು, ಎಷ್ಟು ಎತ್ತರ, ಎಲ್ಲಿ ಇಳಿಯಬೇಕು, ಎಲ್ಲ ಅದರಲ್ಲಿದೆ. ಆತ ವೃತ್ತಿಯಲ್ಲಿ ಮನೋವೈದ್ಯ, ತಾನೂ ಹಾರುವವನು. ಜೊತೆಯವರು ಒಬ್ಬೊಬ್ಬರಾಗಿ ಸಾಯತೊಡಗಿದಾಗ ಅವನೇ ಮಾತು ಬದಲಿಸಿದ. ನಾವು ಚಪ್ಪಾಳೆ ತಟ್ಟಿದ್ದರಲ್ಲಿ ನಮ್ಮ ಪಾಲೆಷ್ಟು ಎಂದು ಊರಿನವರೆದುರು ಕೇಳತೊಡಗಿದ.

ಹಾಗೆ ಹೋದವರಲ್ಲಿ ಅವನ ಗೆಳೆಯ ಶೇನ್ ಮೆಕಾಂಕಿ ದೊಡ್ಡ ಹೆಸರು. ಈತ ಬರಿಯ ಹುಚ್ಚು ಧೈರ್ಯದವನಲ್ಲ, ಬುದ್ಧಿವಂತ. ಪುಡಿಹಿಮದಲ್ಲಿ ಸ್ಕೀಗೆ ಬೇಕಾದದ್ದು ನೀರಿನ ಮೇಲಿನ ಹಲಗೆಯ ಆಕಾರ ಎಂದು ಅರಿತು, ತುದಿಗಳೆರಡೂ ಮೇಲೆದ್ದ ಅಗಲ ಸ್ಕೀಯನ್ನು ಮಾಡಿಸಿದ. ಇಂದು ಆಳ ಹಿಮದಲ್ಲಿ ಹೋಗುವವರ ಕಾಲಿನಲ್ಲೆಲ್ಲ ಇರುವುದು ಅದರ ಸಂತಾನವೇ. ಬಂಡೆಯಿಂದ ಹಾರಿ, ಸ್ಕೀಯನ್ನು ಗಾಳಿಯಲ್ಲೇ ಕಳಚಿ, ಕೈಕಾಲಿನ ನಡುವೆ ರೆಕ್ಕೆ ಹೊಲಿದ ಉಡುಪಿನಲ್ಲಿ ತೇಲಿ, ಕೊನೆಗೆ ಪ್ಯಾರಾಚೂಟ್ ಬಿಡಿಸುವುದು ಅವನ ಕನಸು. ಅಂದರೆ ನಮ್ಮ ಎರಡನೆಯ 'ಹಾರು'ವಿನಿಂದ ಮೊದಲನೆಯದಕ್ಕೆ ಹೋಗುವುದು. 2009ರ ಮಾರ್ಚ್ 26ರಂದು ಇಟಲಿಯ ಡಾಲಮೈಟ್ಸ್ ಪರ್ವತದಲ್ಲಿ ಚಿತ್ರೀಕರಣ ನಡೆದಿತ್ತು. ಜೊತೆಗಾರ ಜೆ.ಟಿ. ಹೋಮ್ಸ್ ಮೊದಲು ಹಾರಿ ಕೆಳಗೆ ತಲುಪಿದ್ದ. ಮೆಕಾಂಕಿ ಹಾರಿದ. ಸ್ಕೀ ಬಿಟ್ಟುಕೊಳ್ಳಲಿಲ್ಲ. ಬಗ್ಗಿ ಕೈಯಲ್ಲಿ ಕಳಚುವಷ್ಟರಲ್ಲಿ ಪ್ಯಾರಾಚೂಟ್ ಬಿಡಿಸಲು ಎತ್ತರ ಉಳಿದಿರಲಿಲ್ಲ.

ನೂರ್‌ಹೈಮ್ ಕೊಂಬೆ ಹೊಸೆದು ಬಿಗಿದ ಕಟ್ಟು ನೆನಪಾಗುತ್ತದೆ. ಬಿಗಿದ ಕಟ್ಟು ಬಿದ್ದಾಗ ಕಾಲು ಮುರಿಯುತ್ತಿತ್ತು. ಯಾಲ್ಮರ್ ವಾಮ್ ಎಂಬ ನಾರ್ವೆ ಮೂಲದ ಅಮೆರಿಕನ್ ತನ್ನ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಉಪಾಯ ಹೊಳೆದು, ಮೈ ತಿರುಚಿದರೆ ತಾನೇ ಬಿಟ್ಟುಕೊಳ್ಳುವ ಕಟ್ಟನ್ನು 1930ರ ದಶಕದ ಕೊನೆಗೆ ಮಾಡಿದ. ಆಮೇಲೆ ಬಂದ ಕಟ್ಟುಗಳೆಲ್ಲ ಎಷ್ಟು ಹೊತ್ತು ಹಿಡಿದಿರಬೇಕು, ಯಾವಾಗ ಬಿಡಬೇಕು ಎಂಬುದಕ್ಕೆ ಉತ್ತರ ಹುಡುಕಿದವೇ.

ಈಗ ಈ ಆಟಕ್ಕೆ ಸ್ಪರ್ಧೆಗಳಿವೆ. ಸ್ವಿಟ್ಸರ್ಲೆಂಡಿನ ವರ್ಬಿಯೆಯಲ್ಲಿ 1996ರಿಂದ ನಡೆಯುವ ಕೂಟ ಹೆಸರಾದದ್ದು. 2008ರಿಂದ ಫ್ರೀರೈಡ್ ವರ್ಲ್ಡ್ ಟೂರ್ ಎಂಬ ಸರಣಿಯೇ ಇದೆ. ಅಲ್ಲಿ ಎತ್ತರಕ್ಕೆ ಬೇರೆಯಾಗಿ ಅಂಕವಿಲ್ಲ. ಯಾವ ದಾರಿ ಆರಿಸಿಕೊಂಡರು, ಹಿಡಿತ ತಪ್ಪಿತೇ, ನಡುನಡುವೆ ತಡವರಿಸಿದರೇ, ಇಳಿದಮೇಲೆ ನಿಂತರೇ ಎಂದು ನೋಡುತ್ತಾರೆ. ನೂರು ಅಡಿ ಹಾರಿ ಮಗುಚಿದವನಿಗಿಂತ ಮೂವತ್ತು ಅಡಿ ಹಾರಿ ಕಾಲ ಮೇಲೆ ಸಾಗಿದವನೇ ಮುಂದೆ. ಪಕ್ಕದಲ್ಲಿ ವೈದ್ಯರು, ಹಿಮಪಾತದ ಪರಿಣತರು, ಹೆಲಿಕಾಪ್ಟರ್. ಹಿಮ ಸರಿಯಿಲ್ಲದಿದ್ದರೆ ಅಂದಿನ ಕೂಟವೇ ಇಲ್ಲ. ನಿಂತವರಿಗೆ ಅಧಿಕಾರ ಬಂದಿದೆ ಎನ್ನಬಹುದು.

ನೀಲಗಿರಿಯ ಕುರುಂಬರಿಗೆ ಇದು ಹೊಸ ಬುದ್ಧಿಯಲ್ಲ. ನಮ್ಮ ಕಾಕನಕೋಟೆಯ ಜೇನುಕುರುಬರು ಹೆಚ್ಚಾಗಿ ಹತ್ತುವುದು ಮರ. ಬಂಡೀಪುರದಾಚೆಯ ಆ ಬೆಟ್ಟಗಳಲ್ಲಿ ಹೆಜ್ಜೇನು ಕಟ್ಟುವುದು ನೂರಾರು ಅಡಿಯ ಕಡಿಬಂಡೆಗೆ. ಬಳ್ಳಿಯ ಏಣಿ ಇಳಿಬಿಟ್ಟು, ಹೊಗೆ ಹಿಡಿದು ಒಬ್ಬ ಇಳಿಯುತ್ತಾನೆ. ಮೇಲೆ ಹಗ್ಗ ಕಾಯುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕೆಂಬ ರೂಢಿಯಿದೆ. ತನ್ನ ಒಡಹುಟ್ಟಿದವಳು ವಿಧವೆಯಾಗುವುದನ್ನು ಅವನು ಬಯಸಲಾರ. ಹಗ್ಗವನ್ನು ಯಾರ ಕೈಗೆ ಕೊಡಬೇಕೆಂದು ಇದಕ್ಕಿಂತ ಚೆನ್ನಾಗಿ ಯೋಚಿಸಿದವರನ್ನು ನಾನು ಕಂಡಿಲ್ಲ.

ನಮ್ಮ ದೇಶದಲ್ಲಿ ಸ್ಕೀ ಎಂದರೆ ಗುಲ್ಮಾರ್ಗ್. ಇಂಗ್ಲಿಷರು 1927ರಲ್ಲಿ ಅಲ್ಲಿ ಸ್ಕೀ ಕ್ಲಬ್ ಕಟ್ಟಿದರು. 2005ರಲ್ಲಿ ಅಫರ್ವಾಟ್ ಬೆಟ್ಟದ ಹೆಗಲಿನವರೆಗೆ, ಸುಮಾರು 13,000 ಅಡಿ ಎತ್ತರಕ್ಕೆ, ತಂತಿಯ ತೊಟ್ಟಿಲು ಹೋಗತೊಡಗಿದ ಮೇಲೆ ಹೊರದೇಶದ ಬಂಡೆ ಹಾರುವವರೂ ಬರತೊಡಗಿದರು. ಕನ್ನಡದವರು ಅಲ್ಲಿ ಯಾರಿದ್ದಾರೆ ಎಂದು ಹುಡುಕಿದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಸಿಗುವ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸಿಗುತ್ತಾರೆ. ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು, ಹೊರದೇಶದ ಸ್ಪರ್ಧೆಗಳಲ್ಲೂ ಭಾರತದ ಪರವಾಗಿ ಓಡಿದವರು. ಅವರದು ಬಂಡೆ ಹಾರುವ ಸ್ಕೀ ಅಲ್ಲ. ಹಿಮದ ಬಯಲಿನಲ್ಲಿ ಮೈಲಿಗಟ್ಟಲೆ ಹೆಜ್ಜೆ ಹಾಕುವ ಸ್ಕೀ, ನಾರ್ವೆಯವರು ಸಂತೆಗೆ ಹೋಗುತ್ತಿದ್ದಂಥದು. ಅದಕ್ಕೆ ವಿಡಿಯೋ ನೋಡುವವರು ಕಡಿಮೆ.

ಜೇಮೀ ಪಿಯರನ ಉಳಿದ ಮಾತನ್ನು ಹೇಳಬೇಕು. 255ರ ಆಮೇಲೆ ಅವನು ಆ ಎತ್ತರದ ತಂಟೆಗೆ ಹೋಗಲಿಲ್ಲ. 2011ರ ನವೆಂಬರ್ 13ರಂದು ಯೂಟಾ ರಾಜ್ಯದ ಸ್ನೋಬರ್ಡ್ ತಾಣದ ಇಳಿಜಾರಿಗೆ ಸ್ನೋಬೋರ್ಡ್ ತೆಗೆದುಕೊಂಡು ಹೋದ. ಚಳಿಗಾಲದ ಮೊದಲ ಹಿಮ, ಕೆಳಗೆ ಕಲ್ಲುಗಳು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ತಾಣ ಆ ವರ್ಷ ಇನ್ನೂ ತೆರೆದಿರಲಿಲ್ಲ. ಬೆಳಗ್ಗೆದ್ದು ಸಿಡಿಮದ್ದು ಹಾಕಿ ಸಡಿಲ ಹಿಮವನ್ನು ಮೊದಲೇ ಕೆಡವುವ ಕಾವಲು ಪಡೆಯವರ ಕೆಲಸ ಶುರುವಾಗಿರಲಿಲ್ಲ. ಇಳಿಯುವಾಗ ಹಿಮ ಕುಸಿದು ಅವನನ್ನು ಕಲ್ಲುಗಳ ಮೇಲಿಂದ ಎಳೆದುಕೊಂಡು ಹೋಯಿತು. ಅವನಿಗೆ ಆಗ 38 ವರ್ಷ.